ಮೂವತ್ತೆಂಟು ರೂಪಾಯಿ, ಹದಿಮೂರು ಆಣೆ, ಎರಡು ಪೈ

ನಾನು ನಿವೃತ್ತನಾದದ್ದು 2018ರಲ್ಲಿ. ಆ ವರ್ಷವೇ ಮನೆಯಾಕೆಯೊಡನೆ ಉಡುಪಿಗೆ ಹೋಗಿದ್ದೆ. ಶ್ರೀಕೃಷ್ಣನ ದರ್ಶನ, ಮಠದ ಊಟ ಎರಡೂ ಮುಗಿದ ಮೇಲೆ ಬಸ್ಸಿಗೆ ಇನ್ನೂ ಮೂರು ಗಂಟೆ ಬಿಡುವಿತ್ತು. ಊರಿನಲ್ಲಿ ಕಾರ್ಪೊರೇಷನ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆಯೆಂದು ಯಾರೋ ಹೇಳಿದರು. ಪ್ರವೇಶ ಉಚಿತ. ಹಣದ ಕಥೆ ಹೇಳುವ ಮನೆಗೆ ಹಣವಿಲ್ಲದೆಯೇ ಪ್ರವೇಶವೆಂದು ನಗುತ್ತಾ ಒಳಹೊಕ್ಕೆವು.

ಅದು ಬ್ಯಾಂಕಿನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರು ಬಾಳಿದ ಮನೆ. ಪ್ರಾಚೀನ ಕಾಲದ ಮುದ್ರಾಂಕಿತ ಬೆಳ್ಳಿ ನಾಣ್ಯಗಳಿಂದ ಹಿಡಿದು ನಮ್ಮ ಕಾಲದ ಪೈಸೆಗಳವರೆಗೆ ಎಲ್ಲವನ್ನೂ ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು. ಆ ಬ್ಯಾಂಕು 1906ರಲ್ಲಿ ಐದು ಸಾವಿರ ರೂಪಾಯಿ ಬಂಡವಾಳದಿಂದ ಆರಂಭವಾಯಿತು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ ಎಂದು ಅದರ ಚರಿತ್ರೆಯಲ್ಲಿ ದಾಖಲಾಗಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಎಂದರೆ ಎರಡು ಪೈ ರೂಪಾಯಿಯ 96ನೆಯ ಒಂದು ಭಾಗ. ಅಷ್ಟು ಅಲ್ಪವನ್ನೂ ಅವರು ಬಿಡದೆ ಬರೆದಿಟ್ಟಿದ್ದರು. ಗಣಿತದ ಮೇಷ್ಟ್ರಾದ ನನಗೆ ಸಂತೋಷವಾಯಿತು.

ಆದರೆ ಚೌಕಾಕಾರದ ಐದು ಪೈಸೆಯ ಅಲ್ಯೂಮಿನಿಯಂ ನಾಣ್ಯದ ಮುಂದೆ ಆ ಸಂತೋಷ ಉಳಿಯಲಿಲ್ಲ.

1986ರ ಸುಮಾರಿಗೆ ನಾನು ಶಿಡ್ಲಘಟ್ಟದ ಕಡೆ ಪಾಠ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಒಬ್ಬ ಹುಡುಗ ಬಟ್ಟೆಯ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟ. ಒಳಗೆ ಬರೀ ಐದು, ಹತ್ತು ಪೈಸೆಯ ಚಿಲ್ಲರೆ. “ಯಾವ ದೇವಸ್ಥಾನದ ಹುಂಡಿ ಒಡೆದೆಯಪ್ಪಾ?” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿದ. ಎಣಿಸುವ ತಾಳ್ಮೆಯಿಲ್ಲದೆ ಗಂಟನ್ನು ಗುಮಾಸ್ತರಿಗೆ ಕಳಿಸಿಬಿಟ್ಟೆ.

ಮರುದಿನ ಅವನ ತಾಯಿ ಬಂದರು. ರೇಷ್ಮೆ ಗೂಡು ಬೇಯಿಸುವ ಬಿಸಿನೀರಿನಲ್ಲಿ ದಿನವಿಡೀ ಕೈಯಿಟ್ಟು ನೂಲು ತೆಗೆಯುವವರು. ಬೆರಳುಗಳು ಬಿಳಿಚಿಕೊಂಡು ಸುಕ್ಕುಗಟ್ಟಿದ್ದವು. ಬೈಯಲಿಲ್ಲ, ಅಳಲೂ ಇಲ್ಲ. “ನಾನೇ ಕೂಡಿಟ್ಟಿದ್ದು ಸಾಮಿ. ಲೆಕ್ಕ ಸರಿಗೈತಾ?” ಎಂದಷ್ಟೇ ಕೇಳಿದರು. ಒಂದು ಪೈಸೆಯೂ ಕಡಿಮೆಯಿರಲಿಲ್ಲ.

“ಸರಿಯಾಗಿದೆಯಮ್ಮ” ಎಂದೆ. ಕ್ಷಮಿಸಿ ಎನ್ನಲಿಲ್ಲ. ಮೇಷ್ಟ್ರೆಂಬ ಬಿಗುಮಾನ ಬಾಯಿ ಕಟ್ಟಿತ್ತು.

ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಐದು ಪೈಸೆ ಹೋಗಲಿ, ನಾಲ್ಕಾಣೆಯೇ 2011ರಿಂದ ಚಲಾವಣೆಯಲ್ಲಿಲ್ಲ. ಆದರೂ ಕೆಲವು ಸಾಲಗಳಿಗೆ ನಾಣ್ಯ ರದ್ದಾದರೂ ವಜಾ ಇಲ್ಲ. ಎರಡು ಪೈಯನ್ನೂ ಗೌರವದಿಂದ ಬರೆದುಕೊಂಡವರ ಮನೆಯಲ್ಲಿ ನಿಂತಾಗ, ಒಬ್ಬ ತಾಯಿಯ ದುಡಿಮೆಯನ್ನು ನಗೆಪಾಟಲು ಮಾಡಿದ ನನ್ನ ಲೆಕ್ಕ ತಪ್ಪಾಗಿ ಕಂಡಿತು.

ನನ್ನ ಶಿಷ್ಯರಲ್ಲಿ ಆ ಹುಡುಗ ಇದನ್ನು ಓದುತ್ತಿದ್ದರೆ ಒಂದು ಮಾತು. ಅಪ್ಪಾ, ಅಂದು ತಲೆ ತಗ್ಗಿಸಬೇಕಾದವನು ನೀನಲ್ಲ. ತಾಯಿಯವರು ಇದ್ದರೆ ನನ್ನ ನಮಸ್ಕಾರ ತಿಳಿಸು.