ಕಾಯಿಲೆಗೂ ಸಾಕ್ಷಿ ಬೇಕು
ದೊಡ್ಡನೆಕ್ಕುಂದಿಯ ಕಚೇರಿಯಲ್ಲಿ ಕುಳಿತು ನಾವು ಓದುವುದು ಅಮೆರಿಕದ ವೃದ್ಧರ ಕಾಯಿಲೆಗಳನ್ನು. ಅಲ್ಲಿನ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯಲ್ಲಿ ರೋಗಿಯ ಕಾಯಿಲೆ ಹೆಚ್ಚಿದಷ್ಟೂ ವಿಮಾ ಕಂಪನಿಗೆ ಸರಕಾರ ಕೊಡುವ ಹಣ ಹೆಚ್ಚು. ಲೆಕ್ಕತಪಾಸಣೆ ಬಂದಾಗ ಗಟ್ಟಿ ದಾಖಲೆ ಆರಿಸಿ ಕೊಡಬೇಕು: ಆ ವರ್ಷ ವೈದ್ಯರು ರೋಗಿಯನ್ನು ಮುಖಾಮುಖಿ ಕಂಡಿರಬೇಕು, ಸಹಿ, ಪದವಿ ಇರಬೇಕು. ಬರೀ ರಕ್ತಪರೀಕ್ಷೆಯ ವರದಿ ನಡೆಯದು. ಕತ್ತರಿಸಿದ ಕಾಲನ್ನೂ ವರ್ಷವರ್ಷ ಹೊಸದಾಗಿ ದಾಖಲಿಸಬೇಕು. ಕಾಲೇನು ಮತ್ತೆ ಚಿಗುರುತ್ತದೆಯೇ! ‘ಹಿಂದೆ ಕ್ಯಾನ್ಸರ್ ಇತ್ತು’ ಎಂದಿದ್ದರೆ ಅದು ಇಂದಿನ ಕ್ಯಾನ್ಸರ್ ಅಲ್ಲ. ಕಣ್ಣು ಜಾರುವುದು ಇಂಥಲ್ಲೇ. ಸಾಲದ ಪತ್ರ ಬರೆಯುವವನು ನ್ಯಾಯವಾಗಿ ಬರೆಯಲೆಂದು ಸೂರಾ ಅಲ್‌ಬಕರದಲ್ಲಿ ಆದೇಶವಿದೆ. ಇಲ್ಲದ ಕಾಯಿಲೆಗೆ ದಾಖಲೆ ಹೊಂದಿಸುವುದನ್ನು ನಾವು ಸುಳ್ಳುಸಾಕ್ಷಿಯೆಂದೇ ಎಣಿಸುತ್ತೇವೆ. ನಮ್ಮ ತಾಯಂದಿರ ಸಕ್ಕರೆ ಕಾಯಿಲೆಯ ಚೀಟಿಗಳು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿವೆ. ಅರ್ಧಕ್ಕೆ ತಾರೀಖೂ ಇಲ್ಲ.