ಕತ್ತರಿ ಎಲ್ಲಿ ನಿಲ್ಲಬೇಕು?

ಕಳೆದ ರಮಝಾನ್‌ಗೆ ಮುಂಚೆ ತವರು ಮನೆಯನ್ನು ಶುಚಿಗೊಳಿಸುತ್ತಿದ್ದಾಗ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಫೋಟೋವೊಂದು ಸಿಕ್ಕಿತು. 6 ಇಂಚು ಉದ್ದ, 4 ಇಂಚು ಅಗಲ. ಹಿಂಬದಿಯಲ್ಲಿ ಅಣ್ಣನ ಕೈಬರಹ: ಕಬಕ ಪುತ್ತೂರು, 1994.

ಅಣ್ಣನಿಗೆ ಆಗ ರೈಲಿನ ಹುಚ್ಚು. ಗೆಳೆಯನ ಕ್ಯಾಮರಾ ಬೇಡಿ ತಂದು ಎಂಜಿನ್ ಹಿಂದೆ ಬಿದ್ದಿದ್ದ. ಮಂಗಳೂರು-ಹಾಸನ ಮಾರ್ಗ ಆಗಿನ್ನೂ ಮೀಟರ್ ಗೇಜ್. 1979ರಲ್ಲಿ ಆರಂಭವಾದ ಆ ಹಳಿಯ ಘಟ್ಟದ ಭಾಗ 1996ರಲ್ಲಿ ಪರಿವರ್ತನೆಗಾಗಿ ಮುಚ್ಚಿತು. ಬ್ರಾಡ್‌ಗೇಜ್ ಹಳಿಯಲ್ಲಿ ಘಟ್ಟ ಹತ್ತುವ ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಹಾಗಾಗಿ ಫೋಟೋದ ಎಂಜಿನ್ ನನ್ನ ಮಗಳಿಗೆ ಅಪರೂಪದ ವಸ್ತು. ನನ್ನ ಕಣ್ಣು ಹೋದದ್ದು ಮಾತ್ರ ಎಂಜಿನ್ ಹಿಂದಿನ ಮೊದಲ ಡಬ್ಬಿಯ ಕಡೆಗೆ. ಅಲ್ಲಿ ಕಂಕುಳಲ್ಲಿ ಕೊಡೆ ಇರಿಸಿಕೊಂಡು, ಕಿಟಕಿಯತ್ತ ಕೈ ಚಾಚಿ ಉಪ್ಪ ನಿಂತಿದ್ದರು.

ಉಪ್ಪ 2001ರಲ್ಲಿ ತೀರಿಕೊಂಡರು. ಫೋಟೋ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಉಪ್ಪ ಅದರಲ್ಲಿ ಕಟ್ಟುನಿಟ್ಟಿನ ಪಕ್ಷದವರು. ಚುನಾವಣೆಯ ಗುರುತು ಚೀಟಿಯ ಮಸುಕು ಚಿತ್ರವೊಂದನ್ನು ಬಿಟ್ಟರೆ ಅವರ ಬೇರೆ ಫೋಟೋ ನಮ್ಮಲ್ಲಿಲ್ಲ. ರೈಲಿನ ಚಿತ್ರದೊಳಗೆ ಅವರಿಗೇ ಗೊತ್ತಿಲ್ಲದಂತೆ ಅವರು ಸೇರಿಬಿಟ್ಟಿದ್ದರು.

ಆದರೆ ಫೋಟೋ ಏನೂ ಚೆನ್ನಾಗಿರಲಿಲ್ಲ. ಮೇಲ್ಭಾಗ ಬರೀ ಬಿಳಿ ಆಕಾಶ. ಕೆಳಗೆ ಖಾಲಿ ಪ್ಲಾಟ್‌ಫಾರಂ, ಅದೂ ಒಂದು ಬದಿಗೆ ವಾಲಿತ್ತು. ಬಲ ಮೂಲೆಯಲ್ಲಿ ಅಣ್ಣನ ಬೆರಳಿನ ನೆರಳು. ಅದರ ಕೆಳಗೆ ನಲ್ಲಿಯ ಬಳಿ ಮಗುವಿನ ಮುಖ ತೊಳೆಯುತ್ತಿದ್ದ ಅಪರಿಚಿತ ಹೆಂಗಸೊಬ್ಬಳು ನೇರ ನಮ್ಮತ್ತ ನೋಡುತ್ತಿದ್ದಳು.

“ಕೊಡಿ ಉಮ್ಮಾ, ಕ್ರಾಪ್ ಮಾಡಿದರೆ ಸರಿಯಾಗುತ್ತದೆ” ಎಂದು ಮಗಳು ಮೊಬೈಲಿನಲ್ಲಿ ಅದರ ಪ್ರತಿ ತೆಗೆದುಕೊಂಡಳು. ಮೊದಲು ವಾಲಿದ್ದನ್ನು ನೇರ ಮಾಡಿದಳು. ಈ ಕ್ರಮ ಸರಿ. ಚಿತ್ರವನ್ನು ತಿರುಗಿಸಿದಾಗ ಮೂಲೆಗಳು ಹೇಗೂ ಕತ್ತರಿಸಿ ಹೋಗುತ್ತವೆ, ಆಮೇಲೆ ಅಂಚು ಗೊತ್ತು ಮಾಡುವುದೇ ಲೇಸು. ಬಳಿಕ ಎಂಜಿನ್ ಮಾತ್ರ ಉಳಿಯುವಂತೆ ಸುತ್ತಲೂ ಕತ್ತರಿಸಿದಳು. ನೋಡಲು ಗಟ್ಟಿಯಾಗಿತ್ತು, ಸುಳ್ಳು ಹೇಳಲಾರೆ. ಆದರೆ ಎಂಜಿನ್ನಿನ ಮೂಗು ಎಡ ಅಂಚಿಗೇ ತಾಗಿ, ಗೋಡೆಗೆ ಗುದ್ದಿ ನಿಂತಂತೆ ಕಾಣುತ್ತಿತ್ತು. ಹೊರಡಲಿರುವ ಗಾಡಿಯ ಮುಂದೆ ಸ್ವಲ್ಪ ಹಳಿ ಬೇಡವೇ? ಉಪ್ಪ ಅಂತೂ ಇರಲೇ ಇಲ್ಲ.

“ರೈಲು ಬೇಡ, ಅಜ್ಜನ ಮುಖವನ್ನಷ್ಟೇ ದೊಡ್ಡದು ಮಾಡು” ಎಂದೆ. ಇಲ್ಲಿ ನಾನೂ ಎಡವಿದೆ. ಆ ಮುಖ ಕಾಗದದ ಮೇಲೆ ಅರ್ಧ ಅಕ್ಕಿ ಕಾಳಿನಷ್ಟು, ಸುಮಾರು 3 ಮಿಲಿಮೀಟರ್. ಮೊಬೈಲ್ ಪ್ರತಿಯಲ್ಲಿ ಉದ್ದಕ್ಕೆ 4000 ಚುಕ್ಕಿಗಳಿದ್ದರೂ ಮುಖದ ಪಾಲಿಗೆ ಬಂದದ್ದು 80ಕ್ಕೂ ಕಡಿಮೆ. ಅದನ್ನು 2 ಇಂಚಿಗೆ ಎಳೆದರೆ ಇಂಚಿಗೆ 40 ಚುಕ್ಕಿ. ಅಚ್ಚು ಸ್ಪಷ್ಟವಾಗಿರಬೇಕಾದರೆ 300 ಇರಬೇಕಂತೆ. ಪರದೆಯ ಮೇಲೆ ಎದ್ದು ಬಂದದ್ದು ಕಣ್ಣಿಲ್ಲದ, ಗಡ್ಡವಿಲ್ಲದ ಬೂದು ಕಲೆ. ನನಗೆ ಭಯವಾಯಿತು. ಚಿಕ್ಕ ಚಿತ್ರದಲ್ಲಿ ಒಂದೇ ನೋಟಕ್ಕೆ ಉಪ್ಪನನ್ನು ಗುರುತಿಸಿದ್ದೆನಲ್ಲ? ಕೊಡೆ, ತುಸು ಬಾಗಿದ ಬೆನ್ನು, ಮಡಚಿ ಕಟ್ಟಿದ ಮುಂಡು, ಇವುಗಳಿಂದ ಗುರುತಿಸಿದ್ದೇ ಹೊರತು ಮುಖದಿಂದಲ್ಲ.

ಮೂರನೆಯ ಪ್ರಯತ್ನದಲ್ಲಿ ಎಂಜಿನ್ನೂ ಇತ್ತು, ಉಪ್ಪನೂ ಇದ್ದರು. ಆದರೆ ಮಗಳ ಬೆರಳು ಬಲ ಅಂಚನ್ನು ಕಿಟಕಿಯ ನಟ್ಟನಡುವೆ ನಿಲ್ಲಿಸಿತ್ತು. ಉಪ್ಪ ಗಾಳಿಗೆ ಕೈ ಚಾಚಿ ಬೇಡುತ್ತಿರುವಂತೆ ಕಂಡರು. ನಾನು ತಡೆದೆ.

ಮದ್ರಸದಲ್ಲಿ ಮಕ್ಕಳಿಗೆ ತಜ್‌ವೀದ್ ಕಲಿಸುವಾಗ ವಕ್ಫ್‌ನ ಪಾಠ ಬರುತ್ತದೆ. ಉಸಿರು ಮುಗಿಯಿತೆಂದು ಕಂಡಕಂಡಲ್ಲಿ ನಿಲ್ಲುವಂತಿಲ್ಲ. ಸೂರಃ ಅನ್ನಿಸಾದ 43ನೆಯ ಸೂಕ್ತದಲ್ಲಿ ನಶೆಯ ಸ್ಥಿತಿಯಲ್ಲಿ ನಮಾಝನ್ನು ಸಮೀಪಿಸಬಾರದೆಂಬ ಆದೇಶವಿದೆ. ನಶೆಯ ಮಾತು ಬರುವ ಮೊದಲೇ ನಿಲ್ಲಿಸಿದರೆ ನಮಾಝನ್ನೇ ತಡೆದಂತಾಗುತ್ತದೆ. ಓದಿದ ಪ್ರತಿ ಪದ ಸರಿ, ನಿಂತ ಜಾಗ ತಪ್ಪು. ಇದಕ್ಕೆ ವಕ್ಫ್ ಖಬೀಹ್, ಅಂದರೆ ಕೆಟ್ಟ ನಿಲುಗಡೆ ಎನ್ನುತ್ತಾರೆ. ಮಗಳಿಗೆ ಇದನ್ನು ನೆನಪಿಸಿದೆ. ಆ ಅಂಚಿನ ಆಚೆ, ಕಿಟಕಿಯ ಸರಳುಗಳ ನಡುವೆ, ಇನ್ನೊಂದು ಪುಟ್ಟ ಕೈ ಇತ್ತು.

“ಅದು ಯಾರದು ಉಮ್ಮಾ?”

“ನನ್ನದು.”

ಅರಬಿಕ್ ಕಾಲೇಜಿನ ಹಾಸ್ಟೆಲಿಗೆ ಹೊರಟ ದಿನವದು. ಹೋಗಲು ನನಗೆ ಕಿಂಚಿತ್ತೂ ಮನಸ್ಸಿರಲಿಲ್ಲ. ಹಿಂದಿನ ರಾತ್ರಿ ಅತ್ತಿದ್ದೆ, ಬೆಳಿಗ್ಗೆಯಿಂದ ಉಪ್ಪನೊಡನೆ ಮಾತು ಬಿಟ್ಟಿದ್ದೆ.

ಮತ್ತೆ ಅಂಚುಗಳನ್ನು ಜರುಗಿಸಿದೆವು. ಬಲಗಡೆ ನನ್ನ ಕಿಟಕಿಯನ್ನೂ ಅದರಾಚೆಯ ಇಡೀ ಕಿಟಕಿಯನ್ನೂ ಉಳಿಸಿ, ಎರಡು ಕಿಟಕಿಗಳ ನಡುವಿನ ಪಟ್ಟಿಯ ಮೇಲೆ ಕತ್ತರಿಸಿದೆವು. ನಲ್ಲಿಯ ಬಳಿಯ ಹೆಂಗಸೂ ಅಣ್ಣನ ಬೆರಳೂ ಹೊರಗುಳಿದವು. ಒಪ್ಪಿಗೆ ಕೇಳದೆ ಆಕೆಯನ್ನು ನಮ್ಮ ಆಲ್ಬಮಿಗೆ ಸೇರಿಸುವ ಹಕ್ಕು ನಮಗಿರಲಿಲ್ಲ. ಮೇಲಿನ ಆಕಾಶವನ್ನು ಡಬ್ಬಿಯ ಮಾಡಿನಿಂದ ಬೆರಳಗಲ ಬಿಟ್ಟು ತೆಗೆದೆವು. ಕೆಳಗೆ ಉಪ್ಪನ ಚಪ್ಪಲಿಯವರೆಗೂ ಉಳಿಸಿಕೊಂಡೆವು. ಕಣಕಾಲಿನಲ್ಲಿ ಕತ್ತರಿಸಿದರೆ ಮನುಷ್ಯ ನೆಲದಲ್ಲಿ ಹೂತಂತೆ ಕಾಣುತ್ತಾನೆ. ಎಡಗಡೆ ಎಂಜಿನ್ನಿನ ಮುಂದಿನ ಹಳಿಯನ್ನು ಮುಟ್ಟಲಿಲ್ಲ.

ಉಳಿದದ್ದು 5 ಇಂಚು ಉದ್ದ, ಎರಡೂವರೆ ಇಂಚು ಎತ್ತರದ ಉದ್ದನೆಯ ಪಟ್ಟಿ. ವಿಚಿತ್ರವೆಂದರೆ, ಅಷ್ಟು ಕತ್ತರಿಸಿದ ಮೇಲೆಯೇ ರೈಲು ಉದ್ದವಾಗಿ ಕಂಡಿತು! ಪಕ್ಕದಲ್ಲಿ ಮನುಷ್ಯನೊಬ್ಬ ನಿಂತದ್ದರಿಂದ ಎಂಜಿನ್ನಿನ ಗಾತ್ರವೂ ತಿಳಿಯುತ್ತಿತ್ತು. ಮಗಳು ಮೊದಲು ಉಳಿಸಿದ್ದ ಒಂಟಿ ಎಂಜಿನ್ ಆಟಿಕೆಯಾಗಿದ್ದರೂ ಆಗಬಹುದಿತ್ತು.

ನೆಗೆಟಿವ್ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹೋಗಿತ್ತು. ಹಾಗಾಗಿ ಮೂಲ ಫೋಟೋವನ್ನೇ ಸ್ಟುಡಿಯೋಗೆ ಒಯ್ದು ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿ, ಅದರಲ್ಲೇ ಇದೇ ಅಂಚುಗಳನ್ನು ಗುರುತಿಸಿದೆವು. ಪಟ್ಟಿಯ ಉದ್ದಕ್ಕೆ 3000 ಚುಕ್ಕಿಗಳು ಸಿಕ್ಕಿದವು. 10 ಇಂಚಿನವರೆಗೆ ದೊಡ್ಡದು ಮಾಡಿದರೂ ಇಂಚಿಗೆ 300 ಉಳಿಯುತ್ತದೆ. ಸ್ಟುಡಿಯೋದ ಹುಡುಗ “ಇದು ಪೇಪರಿನ ಅಳತೆಗೆ ಕೂರುವುದಿಲ್ಲ ಟೀಚರ್, ಬದಿ ಸ್ವಲ್ಪ ಕಟ್ ಮಾಡಲಾ?” ಎಂದ. ಬೇಡವೆಂದೆ. ಮೇಲೆ ಕೆಳಗೆ ಬಿಳಿ ಬಿಟ್ಟು ಅಚ್ಚು ಹಾಕಿಸಿ, ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿಕೊಂಡೆವು. ಕತ್ತರಿಸದ ಇಡೀ ಪ್ರತಿಯನ್ನು ಮಗಳು ಬೇರೆಯೇ ಹೆಸರಿಟ್ಟು ಜೋಪಾನ ಮಾಡಿದ್ದಾಳೆ. ಒಂದು ಅಚ್ಚನ್ನು ಅಣ್ಣನಿಗೆ ಕಳುಹಿಸಿದೆವು. ‘ಎಂಜಿನ್ ಚೆನ್ನಾಗಿ ಬಂದಿದೆ’ ಎಂದಷ್ಟೇ ಉತ್ತರಿಸಿದ. ಗಂಡಸರು!

ಅಚ್ಚನ್ನು ಆಲ್ಬಮಿಗೆ ಅಂಟಿಸುವಾಗ ಮಗಳು ಮತ್ತೆ ಕೇಳಿದಳು:

“ಅಜ್ಜನ ಕೈಯಲ್ಲಿ ಪೊಟ್ಟಣ ಇದೆಯಲ್ಲ, ನೀವು ಅದನ್ನು ತೆಗೆದುಕೊಳ್ಳುತ್ತಿದ್ದೀರಾ?”

ಫೋಟೋದಲ್ಲಿ ಅದು ತಿಳಿಯುವುದಿಲ್ಲ. ಎಷ್ಟು ದೊಡ್ಡದು ಮಾಡಿದರೂ ತಿಳಿಯಲಾರದು.

“ಇಲ್ಲ ಮಗಳೇ, ಬೇಡವೆಂದು ದೂಡುತ್ತಿದ್ದೆ” ಎಂದೆ. “ಅವರು ಸರಳುಗಳ ನಡುವೆ ತುರುಕಿ ನನ್ನ ಮಡಿಲಿಗೆ ಬೀಳಿಸಿದರು. ಹಲಸಿನ ಸೋಂಟೆ. ಬಂಟ್ವಾಳಕ್ಕೆ ಮೊದಲು ಸಿಗುವ ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು.”