ದಾಸರಹಳ್ಳಿ ಸುತ್ತಮುತ್ತ – 6: ಕಲಿಯೋ ಖರ್ಚು ಯಾರ ಲೆಕ್ಕಕ್ಕೆ?

ಸ್ವಿಟ್ಜರ್ಲೆಂಡ್ ಅಂದ್ರೆ ನಮಗೆ ಹಿಮ, ಚಾಕೊಲೇಟ್, ವಾಚು. ಆದ್ರೆ ಆ ದೇಶದ ನಂಟು ನಮ್ಮ ಪಕ್ಕದ ಪೀಣ್ಯದಲ್ಲೇ ಇದೆ ಗೊತ್ತಾ?

ಎನ್‌ಟಿಟಿಎಫ್ ಬೋರ್ಡ್ ನೋಡಿರ್ತೀರ. ಅದರಲ್ಲಿರೋ 'ಎನ್' ಅಂದ್ರೆ ನೆಟ್ಟೂರು, ಕೇರಳದ ತಲಶ್ಶೇರಿ ಹತ್ತಿರದ ಊರು. 1959ರಲ್ಲಿ ಸ್ವಿಸ್ ನೆರವಿನಿಂದ ಈ ಸಂಸ್ಥೆ ಅಲ್ಲಿ ಶುರುವಾಯ್ತು. ರಾಜಾಜಿನಗರದ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಬಂದಿದ್ದು. ಎರಡೂ ಕಡೆ ಮಷೀನ್ ಮುಂದೆ ನಿಂತು ಕೈಯಾರೆ ಮಾಡಿ ಕಲಿಯಬೇಕು.

ಸ್ವಿಟ್ಜರ್ಲೆಂಡ್‌ನಲ್ಲಿ ಇದು ಹೇಗೆ ನಡೆಯುತ್ತೆ? ಅಲ್ಲಿ ಹದಿನೈದು-ಹದಿನಾರರ ವಯಸ್ಸಲ್ಲಿ ಸುಮಾರು ಮೂರರಲ್ಲಿ ಇಬ್ಬರು ಕಸುಬಿನ ಕಲಿಕೆಗೆ ಹೋಗ್ತಾರೆ. ಮೊದಲು ಕಂಪನಿ ಜೊತೆ ಒಪ್ಪಂದ. ವಾರಕ್ಕೆ ಮೂರ್ನಾಲ್ಕು ದಿನ ಕೆಲಸ, ಒಂದೆರಡು ದಿನ ಶಾಲೆ. ಕಲಿಯುವಾಗಲೇ ಸಂಬಳ, ಅದೂ ವರ್ಷ ವರ್ಷ ಏರುತ್ತೆ. ಅಲ್ಲಿಗೇ ದಾರಿ ಮುಗಿಯಲ್ಲ. ಇನ್ನೊಂದು ಅರ್ಹತಾ ಪರೀಕ್ಷೆ ಪಾಸಾದ್ರೆ, ಲೇತ್ ಹಿಡಿದ ಅದೇ ಹುಡುಗಿ ಪದವಿಗೆ ಸೇರಿ ಎಂಜಿನಿಯರ್ ಆಗಬಹುದು.

ಬಿಕಾಂ ಬುದ್ಧಿ ಸುಮ್ನಿರುತ್ತಾ? ಖರ್ಚು ಯಾರದು ಅಂತ ನೋಡಿದೆ. ಅಲ್ಲಿ ಕಲಿಸೋ ಖರ್ಚಿನ ದೊಡ್ಡ ಪಾಲು ಕಂಪನಿಯದು. ಇಲ್ಲಿ ಹೆಚ್ಚಾಗಿ ಅಪ್ಪ-ಅಮ್ಮಂದು. ಸ್ವಿಸ್ ವರ್ಕ್‌ಶಾಪ್ ಪೀಣ್ಯಕ್ಕೆ ಬಂತು, ಆ ಸಂಬಳದ ಒಪ್ಪಂದ ಅಷ್ಟಾಗಿ ಬರಲಿಲ್ಲ.

ನಮಗೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. ಸಣ್ಣ ಶೆಡ್‌ಗಳಿಗೆ ಕಡ್ಡಾಯ ಇಲ್ಲ, ಪೀಣ್ಯದ ತುಂಬಾ ಇರೋದು ಅಂಥವೇ. ಸಣ್ಣ ಮಾಲೀಕರ ಭಯಕ್ಕೂ ಅರ್ಥ ಇದೆ: ಎರಡು ವರ್ಷ ಕಲಿಸಿದ ಹುಡುಗನನ್ನ ದೊಡ್ಡ ಕಂಪನಿ ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋದ್ರೆ? ಸ್ವಿಟ್ಜರ್ಲೆಂಡ್‌ನಲ್ಲಿ ಉದ್ಯಮ ಸಂಘಗಳೇ ಸೇರಿ ತರಬೇತಿ ಕೇಂದ್ರ ನಡೆಸ್ತವೆ, ಭಾರ ಹಂಚಿಹೋಗುತ್ತೆ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನನ್ನ ತಮ್ಮ ಈ ಸಲ ಎಸ್ಸೆಸ್ಸೆಲ್ಸಿ. ಅವನಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ ಇಷ್ಟ. ನೆಂಟರೆಲ್ಲ "ಬರೀ ಡಿಪ್ಲೊಮಾನಾ?" ಅಂತಾರೆ. ಆ 'ಬರೀ' ಅನ್ನೋ ಪದಕ್ಕೆ ಹೆದರಿ ಎಷ್ಟೋ ಮನೆಗಳು ಸಾಲ ಮಾಡಿ ಮಕ್ಕಳನ್ನ ಬಿಇಗೆ ಸೇರಿಸ್ತವೆ.

ನಿಮ್ಮ ಮನೆಯಲ್ಲೂ ಇದೇ ಮಾತು ನಡೀತಿದ್ರೆ, ಕೋರ್ಸ್ ಹೆಸರಿಗಿಂತ ಮೊದಲು ಮೂರು ಪ್ರಶ್ನೆ ಕೇಳಿ: ಮಷೀನ್ ಮುಂದೆ ಎಷ್ಟು ಗಂಟೆ? ಕಂಪನಿಯಲ್ಲಿ ಎಷ್ಟು ತಿಂಗಳು? ಆ ತಿಂಗಳುಗಳಲ್ಲಿ ದುಡ್ಡು ಯಾರು ಯಾರಿಗೆ ಕೊಡ್ತಾರೆ?

#ದಾಸರಹಳ್ಳಿಸುತ್ತಮುತ್ತ #ಪೀಣ್ಯ #ಎಸ್ಸೆಸ್ಸೆಲ್ಸಿಆದ್ಮೇಲೆ